ಬೀಗರ ಡೈಮಂಡ್ ಕಾರ್ಡು, ನಿಮ್ಮ ಕೆನಡಾ ವೀಸಾ

ಪ್ರಶ್ನೆ: ನನಗೆ 63 ವರ್ಷ, ನಿವೃತ್ತ ಶಿಕ್ಷಕಿ. ಯಜಮಾನರಿಗೆ 68, ಅವರಿಗೆ ಮಂಡಿ ನೋವು. ಮೈಸೂರಿನಲ್ಲಿ ನಾವಿಬ್ಬರೇ ಇದ್ದೇವೆ. ಮಗಳು, ಅಳಿಯ ಸಿಯಾಟಲ್ ಹತ್ತಿರ ಎಚ್-1ಬಿ ಉದ್ಯೋಗ ವೀಸಾ ಮೇಲೆ ಕೆಲಸದಲ್ಲಿದ್ದಾರೆ. ಮೊಮ್ಮಗ ಅಲ್ಲೇ ಹುಟ್ಟಿದವನು, ಈಗ ಆರು ವರ್ಷ. ಏಪ್ರಿಲ್ ಕೊನೆಗೆ ಅವರಲ್ಲಿಗೆ ಹೊರಟಿದ್ದೇವೆ. ಆಗಸ್ಟ್ ಮೊದಲ ವಾರ ಸಿಯಾಟಲ್‌ನಿಂದ ಅಲಾಸ್ಕಾಗೆ ಏಳು ರಾತ್ರಿಯ ಕ್ರೂಸ್ ಎಂದು ಅಳಿಯ ರಾಯಲ್ ಕೆರಿಬಿಯನ್ ಹಡಗಿನಲ್ಲಿ ಬುಕ್ ಮಾಡಿದ್ದಾರೆ. ತಲಾ 250 ಡಾಲರ್ ಮುಂಗಡ ಕಟ್ಟಿಯಾಗಿದೆ. ಅದು ವಾಪಸ್ ಬರುವುದಿಲ್ಲ ಎಂದು ಏಜೆಂಟ್ ಹೇಳಿದ್ದಾನಂತೆ.

ನನ್ನ ಸಂಕಟ ಬೇರೆ. ನ್ಯೂಜೆರ್ಸಿಯಲ್ಲಿರುವ ನಮ್ಮ ಬೀಗರೂ ಜೊತೆಗೆ ಬರುತ್ತಾರೆ. ಗ್ರೀನ್ ಕಾರ್ಡಿನವರು, ಎಷ್ಟೋ ಕ್ರೂಸ್ ಮಾಡಿದವರು, ಡೈಮಂಡ್ ಮೆಂಬರ್ ಅಂತೆ. ಅವರಿಗೆ ಬೇರೆ ಲಾಂಜು, ದಿನವೂ ಉಚಿತ ಪಾನೀಯ, ಹತ್ತುವಾಗ ಬೇರೆ ಸಾಲು. ಅವರದು ಬಾಲ್ಕನಿ, ನಮ್ಮದು ಕಿಟಕಿಯಿಲ್ಲದ ಕೋಣೆ. ಬೀಗಿತ್ತಿಯವರು ಒಳ್ಳೆಯವರೇ, ಆದರೂ ವಾರವಿಡೀ ಅವರ ಮುಂದೆ ಎರಡನೇ ದರ್ಜೆಯವರಂತೆ ಇರಬೇಕಲ್ಲ ಎಂದು ಮನಸ್ಸು ಹಿಂಜರಿಯುತ್ತದೆ. ಹೆಚ್ಚು ಹಣ ಕಟ್ಟಿ ನಾವೂ ಆ ಸೌಲಭ್ಯ ಪಡೆಯಬಹುದೇ? ಅವರ ಕಾರ್ಡಿನಲ್ಲಿ ನಮ್ಮನ್ನೂ ಸೇರಿಸಬಹುದೇ? ಅಂದಹಾಗೆ, ಹಡಗು ಕೊನೆಯ ಸಂಜೆ ಕೆನಡಾದಲ್ಲಿ ನಿಲ್ಲುತ್ತದಂತೆ. ವೀಸಾ ಬೇಕೇ ಎಂದು ಕೇಳಿದ್ದಕ್ಕೆ ಬೀಗರು, "ನಾವು ಹೋಗಿ ಬಂದಿದ್ದೇವೆ, ಯಾರೂ ಕೇಳಲಿಲ್ಲ, ಚಿಂತೆ ಬಿಡಿ" ಅಂದರು. ನಮ್ಮ ಹತ್ತಿರ ಅಮೆರಿಕದ ಹತ್ತು ವರ್ಷದ ವೀಸಾ ಇದೆ.
— ಹೆಸರು ಬೇಡ, ಮೈಸೂರು

ಉತ್ತರ: ನೀವು ಕೊನೆಗೆ "ಅಂದಹಾಗೆ" ಎಂದು ಬರೆದ ಕೆನಡಾ ವಿಷಯವನ್ನೇ ನಾನು ಮೊದಲು ಎತ್ತಿಕೊಳ್ಳುತ್ತೇನೆ. ಡೈಮಂಡ್ ಕಾರ್ಡು, ಲಾಂಜು, ಬಾಲ್ಕನಿಗೆಲ್ಲ ಆಮೇಲೆ ಬರೋಣ. ನಿಮಗಿಬ್ಬರಿಗೂ ಕೆನಡಾ ವೀಸಾ ಬೇಕೇ ಬೇಕು. ಅದಿಲ್ಲದೆ ಹೋದರೆ ಸಿಯಾಟಲ್ ಬಂದರಿನಲ್ಲೇ ನಿಮ್ಮನ್ನು ನಿಲ್ಲಿಸುತ್ತಾರೆ. ಹಡಗು ಹೊರಟುಹೋಗುತ್ತದೆ, ಕಟ್ಟಿದ ಟಿಕೆಟ್ ಹಣ ಮುಳುಗುತ್ತದೆ. ಕಾಗದಪತ್ರ ಸರಿಯಿಲ್ಲದೆ ಹತ್ತಲಾಗದಿದ್ದರೆ ಪ್ರಯಾಣ ವಿಮೆಯೂ ಸಾಮಾನ್ಯವಾಗಿ ಕೈಹಿಡಿಯುವುದಿಲ್ಲ.

ಬೀಗರು ಸುಳ್ಳು ಹೇಳಿಲ್ಲ. ಅವರನ್ನು ಯಾರೂ ಕೇಳದಿರುವುದಕ್ಕೆ ಕಾರಣ ಅವರ ಗ್ರೀನ್ ಕಾರ್ಡು. ಅಮೆರಿಕದ ಕಾಯಂ ನಿವಾಸಿಗಳು ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್ ಮತ್ತು ಗ್ರೀನ್ ಕಾರ್ಡ್ ತೋರಿಸಿದರೆ ಕೆನಡಾಗೆ ವೀಸಾ ಬೇಡ. 2022ರ ಏಪ್ರಿಲ್‌ನಿಂದ ಈ ಎರಡನ್ನೂ ತೋರಿಸಬೇಕೆಂಬ ನಿಯಮವಿದೆ. ನಿಮ್ಮದು ಭಾರತದ ಪಾಸ್‌ಪೋರ್ಟ್, ಅದರಲ್ಲಿ ಅಮೆರಿಕದ ಪ್ರವಾಸಿ ವೀಸಾ. ಅಮೆರಿಕದ ವೀಸಾ ಹತ್ತು ವರ್ಷದ್ದಾಗಲಿ, ಒಂದು ವರ್ಷದ್ದಾಗಲಿ, ಕೆನಡಾ ಅದನ್ನು ತನ್ನ ವೀಸಾ ಎಂದು ಒಪ್ಪುವುದಿಲ್ಲ. "ನಾವು ಅಲ್ಲಿ ಇಳಿಯುವುದೇ ಇಲ್ಲ, ಕೋಣೆಯಲ್ಲೇ ಇರುತ್ತೇವೆ" ಎಂದರೂ ನಡೆಯದು. ಹಡಗು ಕೆನಡಾದ ನೀರಿಗೆ ಹೋಗಿ ಅಲ್ಲಿನ ಬಂದರಿನಲ್ಲಿ ನಿಲ್ಲುವುದರಿಂದ ಹಡಗಿನಲ್ಲಿರುವ ಪ್ರತಿಯೊಬ್ಬರ ಕಾಗದವೂ ಸರಿಯಿರಬೇಕು. ಕಂಪನಿ ಅದನ್ನು ಹತ್ತಿಸಿಕೊಳ್ಳುವ ಮೊದಲೇ ನೋಡುತ್ತದೆ.

ಅಲಾಸ್ಕಾ ಅಮೆರಿಕದ್ದೇ ರಾಜ್ಯ, ಸಿಯಾಟಲ್ ಕೂಡ ಅಮೆರಿಕದ್ದೇ. ಮಧ್ಯೆ ಕೆನಡಾ ಯಾಕೆ ಬಂತು ಎಂದು ನಿಮಗೆ ಅನ್ನಿಸಬಹುದು. 1886ರ ಒಂದು ಅಮೆರಿಕನ್ ಕಾನೂನಿದೆ. ವಿದೇಶದಲ್ಲಿ ನೋಂದಣಿಯಾದ ಹಡಗು ಅಮೆರಿಕದ ಬಂದರುಗಳ ನಡುವೆ ಮಾತ್ರ ಪ್ರಯಾಣಿಕರನ್ನು ಸುತ್ತಾಡಿಸುವಂತಿಲ್ಲ, ನಡುವೆ ಒಂದು ವಿದೇಶಿ ಬಂದರನ್ನು ಮುಟ್ಟಲೇಬೇಕು. ದೊಡ್ಡ ಕ್ರೂಸ್ ಹಡಗುಗಳು ಬಹುತೇಕ ಬಹಾಮಾಸ್, ಪನಾಮಾ ಮುಂತಾದ ದೇಶಗಳ ಧ್ವಜ ಹಾರಿಸುವಂಥವು. ಹಾಗಾಗಿಯೇ ಸಿಯಾಟಲ್‌ನಿಂದ ಹೊರಟ ಅಲಾಸ್ಕಾ ಹಡಗುಗಳು ಸಾಮಾನ್ಯವಾಗಿ ಕೊನೆಯ ಸಂಜೆ ಕೆನಡಾದ ವಿಕ್ಟೋರಿಯಾದಲ್ಲಿ ಕೆಲವು ಗಂಟೆ ನಿಂತು ಬರುತ್ತವೆ. 2021ರಲ್ಲಿ ಕೊರೊನಾದಿಂದ ಕೆನಡಾ ತನ್ನ ಬಂದರುಗಳನ್ನು ಕ್ರೂಸ್‌ಗಳಿಗೆ ಮುಚ್ಚಿದಾಗ, ಅಲಾಸ್ಕಾದ ಪ್ರವಾಸೋದ್ಯಮ ಉಳಿಸಲು ಅಮೆರಿಕದ ಸಂಸತ್ತು ತಾತ್ಕಾಲಿಕ ವಿನಾಯಿತಿಯನ್ನೇ ಕೊಡಬೇಕಾಯಿತು. ಅಷ್ಟು ಗಟ್ಟಿ ನಿಯಮ ಇದು. ಒಂದು ಸಂಜೆಯ ನಿಲುಗಡೆ ಎಂದು ಹಗುರವಾಗಿ ನೋಡಬೇಡಿ.

ಇದು ನಿಮಗಿಬ್ಬರಿಗೇ ಮುಗಿಯುವುದಿಲ್ಲ. ಮಗಳು, ಅಳಿಯ ಭಾರತದ ಪಾಸ್‌ಪೋರ್ಟಿನವರಾದರೆ ಅವರಿಗೂ ಕೆನಡಾ ವೀಸಾ ಬೇಕು, ಎಚ್-1ಬಿ ಇದ್ದರೂ ಬೇಕು. ಅವರ ಪಾಸ್‌ಪೋರ್ಟಿನಲ್ಲಿರುವ ಅಮೆರಿಕದ ವೀಸಾ ಮುದ್ರೆಯ ಅವಧಿ ಮುಗಿದಿದ್ದರೆ, ಕೆನಡಾಗೆ ಹೋಗಿ 30 ದಿನದೊಳಗೆ ಮರಳುವವರಿಗೆ ಒಂದು ಅನುಕೂಲವಿದೆ. ಅದು ತಮಗೆ ಅನ್ವಯಿಸುತ್ತದೆಯೇ ಎಂದು ಅವರ ಕಂಪನಿಯ ವಕೀಲರನ್ನು ಕೇಳಿಕೊಳ್ಳಲಿ. ಮೊಮ್ಮಗ ಅಮೆರಿಕದ ಪ್ರಜೆ, ಅವನಿಗೆ ವೀಸಾ ಬೇಡ. ನೋಡಿ, ಒಂದೇ ಮನೆಯವರು ಒಂದೇ ಹಡಗು ಹತ್ತುವಾಗ ಮೂರು ಬಗೆಯ ನಿಯಮ. ಅದಕ್ಕೇ ಯಾರೋ ಹೋಗಿ ಬಂದ ಅನುಭವ ಇನ್ನೊಬ್ಬರಿಗೆ ಆಧಾರವಾಗದು.

ಅರ್ಜಿಯನ್ನು ಅಮೆರಿಕಕ್ಕೆ ಹೋದ ಮೇಲೆ ನೋಡಿಕೊಂಡರಾಯಿತು ಎಂದು ಮುಂದೂಡಬೇಡಿ. ಅಲ್ಲಿಂದಲೂ ಹಾಕಬಹುದು ನಿಜ. ಆದರೆ ಬೆರಳಚ್ಚಿಗೆ ಅಲ್ಲಿ ಸಮಯ ಹಿಡಿಯಬೇಕು, ವೀಸಾ ಅಂಟಿಸಲು ಪಾಸ್‌ಪೋರ್ಟನ್ನು ಅಂಚೆಯಲ್ಲಿ ಕಳಿಸಿ ಕೈಗೆ ಬರುವವರೆಗೆ ಕಾಯಬೇಕು. ಪರದೇಶದಲ್ಲಿ ಪಾಸ್‌ಪೋರ್ಟ್ ಕೈಯಲ್ಲಿಲ್ಲದೆ ಕೂರುವುದು ನಿಮ್ಮ ವಯಸ್ಸಿನವರಿಗೆ ಬೇಡ. ಅರ್ಜಿ ಆನ್‌ಲೈನ್‌ನಲ್ಲಿ ತುಂಬಿ, ಬೆರಳಚ್ಚನ್ನು ಬೆಂಗಳೂರಿನ ವೀಸಾ ಅರ್ಜಿ ಕೇಂದ್ರದಲ್ಲಿ ಕೊಡಿ. ತಲಾ 100 ಕೆನಡಾ ಡಾಲರ್ ಅರ್ಜಿ ಶುಲ್ಕ, ಬೆರಳಚ್ಚಿಗೆ 85. ಗಂಡ ಹೆಂಡತಿ ಒಟ್ಟಿಗೆ ಹಾಕಿದರೆ ಬೆರಳಚ್ಚಿನ ಶುಲ್ಕ ಇಬ್ಬರಿಗೂ ಸೇರಿ 170. ಕ್ರೂಸ್ ಬುಕಿಂಗಿನ ದಾಖಲೆ, ಮಗಳ ಆಹ್ವಾನ ಪತ್ರ, ಪಿಂಚಣಿ ಪಾಸ್‌ಬುಕ್ಕು, ಮನೆ ಪತ್ರದ ಪ್ರತಿ ಜೊತೆಗಿರಲಿ. ಮೈಸೂರಿಗೆ ಮರಳಿ ಬರುವವರು ನೀವು ಎಂಬುದು ಕಾಗದದಲ್ಲಿ ಕಾಣಬೇಕು. ಏಪ್ರಿಲ್ ಕೊನೆಗೆ ವಿಮಾನ ಹತ್ತುವ ಮೊದಲು ವೀಸಾ ಅಂಟಿಸಿದ ಪಾಸ್‌ಪೋರ್ಟ್ ನಿಮ್ಮ ಕೈಲಿರಬೇಕು.

ಏಪ್ರಿಲ್ ಎಂದು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣ ಹಣದ್ದು. ಏಳು ರಾತ್ರಿಯ ಕ್ರೂಸಿಗೆ ಪೂರ್ತಿ ಹಣ ಕಟ್ಟುವ ಗಡುವು ಹೊರಡುವುದಕ್ಕೆ ಸುಮಾರು 90 ದಿನ ಮೊದಲು. ನಿಮ್ಮ ಲೆಕ್ಕಕ್ಕೆ ಅದು ಮೇ ಮೊದಲ ವಾರ. ಅಲ್ಲಿಯವರೆಗೆ ನಿಮ್ಮ ನಷ್ಟ ಹೆಚ್ಚೆಂದರೆ ತಲಾ 250 ಡಾಲರಿನ ಆ ಮುಂಗಡ. ಗಡುವು ದಾಟಿದ ಮೇಲೆ ರದ್ದು ಮಾಡಿದರೆ ಹಂತ ಹಂತವಾಗಿ ಹೆಚ್ಚು ಮುರಿದುಕೊಳ್ಳುತ್ತಾರೆ, ಕೊನೆಯ 30 ದಿನಗಳಲ್ಲಿ ಟಿಕೆಟ್ ದರದಲ್ಲಿ ಏನೂ ಉಳಿಯುವುದಿಲ್ಲ. ವೀಸಾ ಬಂದ ಮೇಲೆ ಅಳಿಯ ಪೂರ್ತಿ ಹಣ ಕಟ್ಟಲಿ. ವೀಸಾ ತಿರಸ್ಕಾರವಾದರೆ? ಗಡುವಿಗೆ ಮೊದಲೇ ತಲಾ 100 ಡಾಲರ್ ಬದಲಾವಣೆ ಶುಲ್ಕ ಕೊಟ್ಟು ಬೇರೆ ಯಾನಕ್ಕೆ ಬುಕಿಂಗ್ ಬದಲಿಸಬಹುದು. ಲಾಸ್ ಏಂಜಲೀಸ್‌ನಿಂದ ಮೆಕ್ಸಿಕೋ ಕಡೆಗೆ ಹೋಗುವ ಹಡಗುಗಳಿವೆ. ಚಾಲ್ತಿಯಲ್ಲಿರುವ ಅಮೆರಿಕ ವೀಸಾ ಇದ್ದವರಿಗೆ ಮೆಕ್ಸಿಕೋ ಪ್ರತ್ಯೇಕ ವೀಸಾ ಕೇಳುವುದಿಲ್ಲ. ಹಿಮನದಿ ತಪ್ಪಬಹುದು, ಮೊಮ್ಮಗನ ಜೊತೆಗಿನ ವಾರ ತಪ್ಪುವುದಿಲ್ಲ.

ಈ ಅವಧಿಯಲ್ಲಿ ಅಳಿಯ ಮಾಡಬಹುದಾದ ಇನ್ನೊಂದು ಕೆಲಸವಿದೆ. ಪೂರ್ತಿ ಹಣ ಕಟ್ಟುವವರೆಗೆ ವಾರಕ್ಕೊಮ್ಮೆಯಾದರೂ ಅದೇ ಯಾನದ, ಅದೇ ಬಗೆಯ ಕೋಣೆಯ ದರ ನೋಡುತ್ತಿರಲಿ. ಇಳಿದಿದ್ದರೆ ಹೊಸ ದರಕ್ಕೆ ಸರಿಪಡಿಸಿಕೊಡುವಂತೆ ಕೇಳಬಹುದು. ಗಡುವು ದಾಟಿದ ಮೇಲೆ ದರ ಇಳಿದರೂ ಸಾಮಾನ್ಯವಾಗಿ ಹಣ ವಾಪಸ್ ಇಲ್ಲ. ನಿಮ್ಮದು ಏಜೆಂಟ್ ಮೂಲಕದ ಬುಕಿಂಗ್. ಹಾಗಾಗಿ ಹಡಗಿನ ಕಂಪನಿಗೆ ನೀವು ನೇರ ಫೋನ್ ಮಾಡಿದರೆ "ನಿಮ್ಮ ಏಜೆಂಟನ್ನೇ ಕೇಳಿ" ಎನ್ನುತ್ತಾರೆ. ಏಜೆಂಟ್ ಫೋನ್ ಎತ್ತುವವನೇ, ಇಮೇಲಿಗೆ ಉತ್ತರ ಕೊಡುವವನೇ ಎಂದು ಈಗಲೇ ಒಂದು ಸಣ್ಣ ಪ್ರಶ್ನೆ ಕಳಿಸಿ ನೋಡುವುದು ಒಳ್ಳೆಯದು.

ಹೆಸರಿನ ವಿಷಯ. ನಮ್ಮ ಕಡೆಯವರಿಗೆ ಇದು ದೊಡ್ಡ ತಲೆನೋವು. ಇನಿಷಿಯಲ್ ಬಿಡಿಸಿದ್ದು, ಬಿಡಿಸದ್ದು, ಸರ್‌ನೇಮ್ ಕಾಲಂ ಖಾಲಿ ಬಿಟ್ಟದ್ದು, ಅಪ್ಪನ ಹೆಸರಿನ ಜಾಗಕ್ಕೆ ಗಂಡನ ಹೆಸರು ಬಂದದ್ದು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿಯಿದ್ದರೆ ಅಮೆರಿಕದ ವೀಸಾದಲ್ಲಿ ಪೂರ್ತಿ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಮೊದಲ ಹೆಸರು ತಿಳಿದಿಲ್ಲ) ಎಂದು ಕೂರುತ್ತದೆ. ನಿಮ್ಮದು ಹಾಗಿದೆಯೇ ನೋಡಿ. ಮಗಳು ಮನೆಯಲ್ಲಿ ಕರೆಯುವ ಹೆಸರಿನಲ್ಲೋ ಬ್ಯಾಂಕ್ ಖಾತೆಯ ಹೆಸರಿನಲ್ಲೋ ಬುಕ್ ಮಾಡಿಸಿದ್ದರೆ ಈಗಲೇ ತಿದ್ದಿಸಿ. ಬುಕಿಂಗ್ ದಾಖಲೆಯನ್ನು ವಾಟ್ಸಾಪ್‌ನಲ್ಲಿ ತರಿಸಿಕೊಂಡು, ಪಕ್ಕದಲ್ಲಿ ಪಾಸ್‌ಪೋರ್ಟ್ ಇಟ್ಟು, ಅಕ್ಷರ ಅಕ್ಷರ ಹೋಲಿಸಿ. ಪರೀಕ್ಷಾ ಪತ್ರಿಕೆಗಳನ್ನು ತಿದ್ದಿದ ಕಣ್ಣು ನಿಮ್ಮದು, ಈ ಕೆಲಸ ನಿಮಗಿಂತ ಚೆನ್ನಾಗಿ ಮಗಳಿಗೂ ಬರಲಿಕ್ಕಿಲ್ಲ. ವಾರಗಳ ಮೊದಲು ಒಂದು ಫೋನಿನಲ್ಲಿ ಮುಗಿಯುವ ತಿದ್ದುಪಡಿ, ಹಡಗಿನ ಬಾಗಿಲಲ್ಲಿ ನಿಂತಾಗ ದೊಡ್ಡ ರಗಳೆಯಾಗುತ್ತದೆ.

ಇನ್ನು ಡೈಮಂಡ್ ಕಾರ್ಡಿಗೆ ಬರೋಣ. ಅದನ್ನು ಹಣ ಕೊಟ್ಟು ಕೊಳ್ಳಲು ಬರುವುದಿಲ್ಲ. ರಾಯಲ್ ಕೆರಿಬಿಯನ್‌ನ ಕ್ರೌನ್ ಅಂಡ್ ಆ್ಯಂಕರ್ ಎಂಬ ಕೂಟದಲ್ಲಿ ಸಾಮಾನ್ಯ ಕೋಣೆಯಲ್ಲಿ ಕಳೆದ ಒಂದು ರಾತ್ರಿಗೆ ಒಂದು ಪಾಯಿಂಟ್, ಸ್ವೀಟ್‌ನಲ್ಲಾದರೆ ಎರಡು. 3 ಪಾಯಿಂಟಿಗೆ ಗೋಲ್ಡ್, 30ಕ್ಕೆ ಪ್ಲಾಟಿನಂ, 55ಕ್ಕೆ ಎಮರಾಲ್ಡ್, 80ಕ್ಕೆ ಡೈಮಂಡ್. ಅಂದರೆ ನಿಮ್ಮಂಥ ಏಳು ರಾತ್ರಿಯ ಯಾನವನ್ನು ಹನ್ನೆರಡು ಸಲ ಮಾಡಿದರೆ ಡೈಮಂಡ್. ಅವರ ಕಾರ್ಡಿಗೆ ನಿಮ್ಮನ್ನು ಸೇರಿಸಲೂ ಬರುವುದಿಲ್ಲ. ಒಂದೇ ವಿಳಾಸದಲ್ಲಿರುವ ಗಂಡ ಹೆಂಡತಿಗೆ, 18 ತುಂಬದ ಮಕ್ಕಳಿಗೆ ಮಾತ್ರ ಅದು ಹಂಚಿಕೆಯಾಗುತ್ತದೆ. ಬೇರೆ ಮನೆ ಮಾಡಿಕೊಂಡಿರುವ ಅವರ ಸ್ವಂತ ಮಗನಿಗೇ, ಅಂದರೆ ನಿಮ್ಮ ಅಳಿಯನಿಗೇ ಅದು ಸಿಗುವುದಿಲ್ಲ. ಹಡಗಿನಲ್ಲಿ ಅವನೂ, ನಿಮ್ಮ ಮಗಳೂ, ಮೊಮ್ಮಗನೂ ನಿಮ್ಮ ಸಾಲಿನಲ್ಲೇ ಇರುತ್ತಾರೆ.

ನೀವು ಇದನ್ನು ಮರ್ಯಾದೆಯ ಪ್ರಶ್ನೆ ಮಾಡಿಕೊಂಡಿದ್ದೀರಿ, ಅದಕ್ಕೇ ಇಷ್ಟು ಬಿಡಿಸಿ ಬರೆದೆ. ಮದುವೆ ಮನೆಯ ಪಂಕ್ತಿಯಲ್ಲಿ ಬೀಗರಿಗೆ ಮೊದಲ ಎಲೆ ಹಾಕುವುದು ಸಂಬಂಧಕ್ಕೆ ಕೊಡುವ ಗೌರವ. ಹಡಗಿನ ಕಂಪನಿಗೆ ಸಂಬಂಧ ಗೊತ್ತಿಲ್ಲ, ಅದು ಮಲಗಿದ ರಾತ್ರಿಗಳನ್ನು ಎಣಿಸುತ್ತದೆ. ಡೈಮಂಡ್ ಮೆಂಬರಿಗೆ ಸಿಗುವುದು ದಿನಕ್ಕೆ ನಾಲ್ಕು ಪಾನೀಯದ ವೋಚರು, ಕೂರಲು ಒಂದು ಲಾಂಜು, ಒಂದಷ್ಟು ರಿಯಾಯಿತಿ: ಮುಖ್ಯವಾಗಿ ಇಷ್ಟೇ. ವೋಚರುಗಳು ಸೀಪಾಸ್ ಎಂಬ ಅವರವರ ಹಡಗಿನ ಕಾರ್ಡಿಗೆ ಅಂಟಿಕೊಂಡಿರುತ್ತವೆ, ಇನ್ನೊಬ್ಬರಿಗೆ ಕೊಡಲಾಗದು. ಆದರೆ ಅವುಗಳನ್ನು ಹಡಗಿನ ಬೇರೆ ಬಾರುಗಳಲ್ಲೂ ಬಳಸಬಹುದು, ಕಾಫಿಗೂ ನಡೆಯುತ್ತವೆ. ಹಾಗಾಗಿ ಅವರು ಲಾಂಜಿನಲ್ಲೇ ಕೂರಬೇಕೆಂದೇನಿಲ್ಲ, ನಿಮ್ಮೊಂದಿಗೇ ಕೂತು ಕುಡಿಯಬಹುದು. ಅವರಿಗೆ ಲಾಂಜಿನಲ್ಲೇ ಹಿತವೆನಿಸಿದರೆ ಸಂಜೆಯ ಆ ಒಂದೆರಡು ತಾಸು ನಿಮ್ಮ ಪಾಡಿಗೆ ನೀವಿರಿ. ಬೀಗರ ಜೊತೆ ಏಳು ದಿನ ಒಟ್ಟಿಗಿರುವಾಗ ದಿನಕ್ಕೆರಡು ತಾಸು ಬೇರೆಯಿದ್ದರೆ ಇಬ್ಬರಿಗೂ ಒಳ್ಳೆಯದೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಒಟ್ಟಿಗಿರಬೇಕಾದದ್ದು ರಾತ್ರಿ ಊಟಕ್ಕೆ. ಎಲ್ಲರ ಬುಕಿಂಗುಗಳನ್ನು ಒಂದಕ್ಕೊಂದು ಜೋಡಿಸಿ, ಒಂದೇ ಮೇಜು ಕೊಡಿ ಎಂದು ಏಜೆಂಟಿಗೆ ಹೇಳಿಸಿ. ಇದನ್ನು ತಾವಾಗಿ ಯಾರೂ ಮಾಡುವುದಿಲ್ಲ. ಸಸ್ಯಾಹಾರ ಎಂಬುದನ್ನೂ ಈಗಲೇ ಬರೆಸಿ. ಮೊದಲ ರಾತ್ರಿಯೇ ಊಟದ ಹಾಲಿನ ಹೆಡ್ ವೇಟರನ್ನು ಕಂಡು, ಮರುದಿನಕ್ಕೆ ಅನ್ನ, ದಾಲ್, ಪಲ್ಯ ಬೇಕೆಂದು ಹೇಳಿದರೆ ಸಾಮಾನ್ಯವಾಗಿ ಮಾಡಿಸಿಕೊಡುತ್ತಾರೆ. ಸಂಕೋಚಪಟ್ಟು ವಾರವಿಡೀ ಬ್ರೆಡ್ಡು, ಹಣ್ಣು ತಿಂದು ಬರಬೇಡಿ.

ಆದರೂ ನಿಮಗೊಂದು ಮೆಂಬರ್ ನಂಬರ್ ಮಾಡಿಸಿಕೊಳ್ಳಿ, ಅದು ಉಚಿತ. ಬುಕಿಂಗಿನಲ್ಲೇ ಆ ನಂಬರ್ ಸೇರಿರಲಿ, ಹೆಸರು ಮತ್ತು ಜನ್ಮದಿನ ಪಾಸ್‌ಪೋರ್ಟಿನಂತೆಯೇ ಇರಲಿ. ಇಲ್ಲದಿದ್ದರೆ ಈ ಏಳು ರಾತ್ರಿ ಎಲ್ಲೂ ಜಮೆಯಾಗದೆ ಹೋಗಬಹುದು. ಮುಂದೆಂದೋ ಮತ್ತೆ ಹೋದರೆ ಉಪಯೋಗಕ್ಕೆ ಬಂದೀತು. 2024ರಿಂದ ಒಂದೇ ಗುಂಪಿಗೆ ಸೇರಿದ ಕ್ರೂಸ್ ಕಂಪನಿಗಳಾದ ರಾಯಲ್ ಕೆರಿಬಿಯನ್, ಸೆಲೆಬ್ರಿಟಿ, ಸಿಲ್ವರ್‌ಸೀ ಮೂರರಲ್ಲೂ ಒಂದರ ಶ್ರೇಣಿಗೆ ಇನ್ನೊಂದರಲ್ಲಿ ಮಾನ್ಯತೆ ಇದೆ. ಆದರೆ ಶ್ರೇಣಿ ಏರುವ ಆಸೆಗೆ ಹಡಗಿನಲ್ಲೇ ಮುಂದಿನ ಕ್ರೂಸಿಗೆ ಮುಂಗಡ ಕಟ್ಟಿಸುವ ಕೌಂಟರಿನ ಹತ್ತಿರ ನೀವು ಹೋಗುವುದು ಬೇಡ. ಪಿಂಚಣಿ ಹಣಕ್ಕೆ ಅದಕ್ಕಿಂತ ಬೇರೆ ಕೆಲಸಗಳಿರುತ್ತವೆ.

ಕಿಟಕಿಯಿಲ್ಲದ ಕೋಣೆಯ ಬಗ್ಗೆ ಕೊರಗಬೇಡಿ. ಹಿಮನದಿ ಕಾಣುವ ದಿನ ಬಾಲ್ಕನಿ ಇರುವವರೂ ಮೇಲಿನ ಡೆಕ್ಕಿಗೇ ಬರುತ್ತಾರೆ, ಏಕೆಂದರೆ ಬಾಲ್ಕನಿಯಿಂದ ಕಾಣುವುದು ಒಂದೇ ಪಕ್ಕ. ಡೆಕ್ಕಿಗೆ ಟಿಕೆಟ್ ಇಲ್ಲ, ದಪ್ಪ ಜಾಕೆಟ್ ಇದ್ದರೆ ಸಾಕು. ಆಗಸ್ಟಿನಲ್ಲೂ ಅಲ್ಲಿನ ಗಾಳಿ ಕೊರೆಯುತ್ತದೆ. ನಾನು ಹಣ ಹಾಕುವುದಾದರೆ ಬಾಲ್ಕನಿಗಿಂತ ಕೋಣೆ ಇರುವ ಜಾಗಕ್ಕೆ ಹಾಕುತ್ತೇನೆ. ಯಜಮಾನರ ಮಂಡಿಗೆ ಲಿಫ್ಟಿನ ಹತ್ತಿರವಿರಬೇಕು, ತೂಗಾಟ ಕಡಿಮೆಯಾಗಲು ಹಡಗಿನ ನಡುಭಾಗ, ಕೆಳಗಿನ ಅಂತಸ್ತು ಒಳ್ಳೆಯದು. ನಿಮ್ಮದು "ಗ್ಯಾರಂಟಿ" ದರದ ಕೋಣೆಯಾಗಿದ್ದರೆ ಯಾವ ಕೋಣೆ ಎಂಬುದನ್ನು ಕಂಪನಿಯೇ ಕೊನೆಗೆ ಹಂಚುತ್ತದೆ. ಹಡಗಿನ ಮೂತಿಯ ತುದಿಯಲ್ಲೂ ಬೀಳಬಹುದು. ನಿಮಗೆ ಅದು ಬೇಡ. ಸ್ವಲ್ಪ ಹೆಚ್ಚು ಕೊಟ್ಟರೂ ಕೋಣೆ ಸಂಖ್ಯೆ ಆರಿಸಿಕೊಳ್ಳುವ ದರಕ್ಕೆ ಬದಲಿಸಿಕೊಳ್ಳಿ.

ಟಿಕೆಟ್ ದರದ ಆಚೆ ಟಿಪ್ಸ್ ಇದೆ. ತಲೆಗೆ ದಿನಕ್ಕೆ ಸುಮಾರು 18ರಿಂದ 20 ಡಾಲರ್ ಕೋಣೆಯ ಲೆಕ್ಕಕ್ಕೆ ತಾನಾಗಿ ಸೇರುತ್ತದೆ. ಇಬ್ಬರಿಗೆ ಏಳು ದಿನಕ್ಕೆ ಸುಮಾರು 250ರಿಂದ 280 ಡಾಲರ್ ಆಯಿತು. ಅಳಿಯನೇ ಭರಿಸಲಿ ಎಂದು ಬಿಡುತ್ತೀರೋ, ನೀವು ಕೊಡುತ್ತೀರೋ, ಮೊದಲೇ ಮಾತಾಡಿಕೊಳ್ಳಿ. ವಿಮೆಯ ಒಂದು ಮಾತು: ಅಮೆರಿಕಕ್ಕೆಂದು ಮಾಡಿಸುವ ವಿಸಿಟರ್ ವಿಮೆ ಹಡಗಿನಲ್ಲೂ ಕೆನಡಾದಲ್ಲೂ ಅನ್ವಯಿಸುತ್ತದೆಯೇ ಎಂದು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಹಡಗಿನ ವೈದ್ಯರ ಶುಲ್ಕ ಪ್ರತ್ಯೇಕ.

ಹತ್ತುವ ದಿನ ಹೀಗಿರುತ್ತದೆ. ಕೆಲವು ವಾರ ಮೊದಲೇ ಅಳಿಯ ಆ್ಯಪ್‌ನಲ್ಲಿ ನಿಮ್ಮ ಫೋಟೊ, ಪಾಸ್‌ಪೋರ್ಟ್ ವಿವರ ಹಾಕಿ, ಬಂದರಿಗೆ ಬರುವ ಸಮಯ ಆರಿಸಿರಬೇಕು. ಆ ಸಮಯಗಳು ಬೇಗ ತುಂಬುತ್ತವೆ. ಸಿಯಾಟಲ್‌ನಲ್ಲಿ ಪಿಯರ್ 66, ಪಿಯರ್ 91 ಎಂದು ಎರಡು ಕ್ರೂಸ್ ಟರ್ಮಿನಲ್‌ಗಳಿವೆ, ಯಾವುದೆಂದು ಟಿಕೆಟಿನಲ್ಲಿ ನೋಡಿಕೊಳ್ಳಿ. ಕಾರಿಳಿದ ಕೂಡಲೇ ದೊಡ್ಡ ಪೆಟ್ಟಿಗೆಗಳನ್ನು ಪೋರ್ಟರ್‌ಗಳು ತೆಗೆದುಕೊಳ್ಳುತ್ತಾರೆ. ಅವು ಕೋಣೆಗೆ ಬರುವುದು ಸಂಜೆಯಾಗಬಹುದು. ಹಾಗಾಗಿ ಪಾಸ್‌ಪೋರ್ಟ್, ಅಮೆರಿಕ ಪ್ರವೇಶದ ಐ-94 ದಾಖಲೆಯ ಪ್ರಿಂಟ್, ದಿನನಿತ್ಯದ ಮಾತ್ರೆ, ಒಂದು ಶಾಲು ನಿಮ್ಮ ಕೈಚೀಲದಲ್ಲೇ ಇರಲಿ. ಪಾಸ್‌ಪೋರ್ಟ್ ಪೆಟ್ಟಿಗೆಯಲ್ಲಿ ಹೋದರೆ ನೀವು ಒಳಗೆ ಹೋಗಲಾರಿರಿ. ಗಾಲಿಕುರ್ಚಿ ಬೇಕೆಂದು ಮೊದಲೇ ಬರೆಸಿದ್ದರೆ ಟರ್ಮಿನಲ್‌ನಿಂದ ಹಡಗಿನವರೆಗೆ ಯಜಮಾನರನ್ನು ಅವರೇ ಕರೆದೊಯ್ಯುತ್ತಾರೆ, ಅದಕ್ಕೆ ದುಡ್ಡಿಲ್ಲ. ತಪಾಸಣೆ ದಾಟಿ ಕೋಣೆಗೆ ಬಂದರೆ ಬಾಗಿಲಿನ ಹತ್ತಿರ ಲಕೋಟೆಯಲ್ಲಿ ನಿಮ್ಮ ಸೀಪಾಸ್ ಕಾರ್ಡ್ ಇರುತ್ತದೆ. ಕೋಣೆಯ ಬೀಗದ ಕೈ, ಖರ್ಚಿನ ಲೆಕ್ಕ, ಇಳಿದು ಹತ್ತುವ ಗುರುತು, ಮೂರೂ ಅದೇ.

ಊಟಕ್ಕೆ ಓಡುವ ಮೊದಲು ಸುರಕ್ಷತಾ ವಿಡಿಯೊ ನೋಡಿ, ನಿಮಗೆ ಗೊತ್ತುಮಾಡಿದ ಜಾಗಕ್ಕೆ ಹೋಗಿ ಕಾರ್ಡ್ ಸ್ಕ್ಯಾನ್ ಮಾಡಿಸಿ. 2012ರ ಜನವರಿಯಲ್ಲಿ ಇಟಲಿಯ ತೀರದಲ್ಲಿ ಕೋಸ್ಟಾ ಕಾಂಕಾರ್ಡಿಯಾ ಮುಳುಗಿದಾಗ, ಅಂದೇ ಹತ್ತಿದ ನೂರಾರು ಜನಕ್ಕೆ ಇನ್ನೂ ಆ ತರಬೇತಿಯೇ ಆಗಿರಲಿಲ್ಲ. ಆ ಮೇಲೆ ಅದನ್ನು ಹಡಗು ಹೊರಡುವ ಮೊದಲೇ ಅಥವಾ ಹೊರಟ ಕೂಡಲೇ ಮುಗಿಸಬೇಕೆಂಬ ಅಂತಾರಾಷ್ಟ್ರೀಯ ನಿಯಮ ಬಂತು.

ಎಲೆಕ್ಟ್ರಿಕ್ ಕೆಟಲ್, ಇಸ್ತ್ರಿಪೆಟ್ಟಿಗೆ, ಇಂಡಕ್ಷನ್ ಒಲೆ ಬಿಡುವುದಿಲ್ಲ, ಕಿತ್ತಿಟ್ಟುಕೊಳ್ಳುತ್ತಾರೆ. ಮನೆಯಲ್ಲಿ ಮಾಡಿದ ಅಡುಗೆಯೂ ಬೇಡ. ಅಂಗಡಿಯ ಸೀಲ್ ಪ್ಯಾಕೆಟ್ ಕುರುಕಲು ತಿಂಡಿ ಇಟ್ಟುಕೊಳ್ಳಬಹುದು. ಅಲಾಸ್ಕಾದ ಗಡಿಯಾರ ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ. ಫೋನ್ ತಾನಾಗಿ ಸಮಯ ಬದಲಿಸಿಕೊಂಡು ಗೊಂದಲ ಮಾಡಬಹುದು, ಬಂದರಿನಲ್ಲಿ ಇಳಿದಾಗ ಹಡಗಿನ ಸಮಯವನ್ನೇ ಹಿಡಿಯಿರಿ. ಹಡಗಿನವರೇ ಏರ್ಪಡಿಸಿದ ಪ್ರವಾಸ ತಡವಾದರೆ ಅವರದೇ ಹೊಣೆ. ಹೊರಗಿನವರ ಜೊತೆ ಹೋಗಿ ತಡವಾದರೆ ಹಡಗು ಕಾಯುವುದಿಲ್ಲ. ಬೀಗರು ನ್ಯೂಜೆರ್ಸಿಯಿಂದ ಹಿಂದಿನ ದಿನವೇ ಸಿಯಾಟಲ್‌ಗೆ ಬಂದಿರಲಿ. ಹೊರಡುವುದಕ್ಕೆ 60 ನಿಮಿಷ ಮೊದಲು ಪ್ರಯಾಣಿಕರ ಪಟ್ಟಿ ಅಮೆರಿಕದ ಅಧಿಕಾರಿಗಳ ಕೈ ಸೇರಬೇಕೆಂಬ ನಿಯಮವಿದೆ. ಆ ಹೊತ್ತು ಮೀರಿದರೆ ಡೈಮಂಡ್ ಮೆಂಬರಿಗೂ ಬಾಗಿಲು ತೆರೆಯುವುದಿಲ್ಲ.

ಕೊನೆಗೆ ಬೀಗಿತ್ತಿಯವರ ವಿಷಯ. ವೀಸಾ ಬೇಕೆಂಬುದನ್ನು ಮಗಳ ಮೂಲಕ ಹೇಳಿಸಬೇಡಿ. ಹಾಗೆ ಹೋದ ಮಾತು "ನಮ್ಮ ಮಾತು ನಂಬಲಿಲ್ಲ" ಎಂದು ಬೇರೆ ರೂಪ ತಾಳುತ್ತದೆ. ನೀವೇ ಫೋನ್ ಮಾಡಿ, "ನಿಮ್ಮದು ಗ್ರೀನ್ ಕಾರ್ಡು, ನಮಗೆ ಬೇರೆ ನಿಯಮವಂತೆ, ಅರ್ಜಿ ಹಾಕುತ್ತಿದ್ದೇವೆ" ಎಂದು ನೇರವಾಗಿ ತಿಳಿಸಿ. ಹಾಗೆಯೇ, ಅಷ್ಟು ಸಲ ಹಡಗು ಹತ್ತಿದವರು, ಏನು ತರಬೇಕು, ಯಾವ ಬಂದರಿನಲ್ಲಿ ಎಷ್ಟು ನಡೆಯಬೇಕಾಗುತ್ತದೆ ಎಂದು ಕೇಳಿ. ಅವರ ಅನುಭವ ನಿಜಕ್ಕೂ ನಿಮಗೆ ಬೇಕು. ಆ ಫೋನನ್ನು ಇವತ್ತೇ ಮಾಡಿ, ಕೆನಡಾ ಅರ್ಜಿಯನ್ನು ಈ ವಾರವೇ ತುಂಬಿ.